ಐದನೆಯ ಎಲೆ

ನನ್ನ ವೆಬ್‌ಸೈಟನ್ನು ನಾನು ತೋಟ ಎನ್ನುತ್ತೇನೆ. ಅಡುಗೆ, ಗಿಡ, ಮನೆಯ ಕಟ್ಟುಕಟ್ಟಳೆಗಳ ಟಿಪ್ಪಣಿಗಳನ್ನು ಅಲ್ಲಿ ನೆಟ್ಟು, ತಿಳಿದಂತೆಲ್ಲ ತಿದ್ದಿ ಬೆಳೆಸುತ್ತೇನೆ. ಯಾವ ಪುಟವನ್ನು ಎಷ್ಟು ಗಂಟೆಗೆ ತಿದ್ದಿದೆ ಎಂಬುದು ಅದರಡಿಯಲ್ಲೇ ದಾಖಲಾಗುತ್ತದೆ.

ಹೋದ ಮಳೆಗಾಲದಲ್ಲಿ, ತುಳುವರ ಆಟಿ ತಿಂಗಳಲ್ಲಿ, ಗುರುವಾಯನಕೆರೆಯ ನಮ್ಮ ಮನೆಯಲ್ಲಿ, ತೀರಿಹೋದವರಿಗೆ ಬಡಿಸಿದೆವು. ಒಳಕೋಣೆಯಲ್ಲಿ ನಾಲ್ವರ ಹೆಸರಿಗೆ ನಾಲ್ಕು ಬಾಳೆಲೆ. 'ನಮ್ಮಲ್ಲಿ ನಾಲ್ಕು ಎಲೆ' ಎಂದು ತೋಟದಲ್ಲಿ ಬರೆದವಳು, ಪುಟ ತೆರೆದಿದ್ದ ಫೋನನ್ನು ಆ ಕೋಣೆಯಲ್ಲೇ ಮರೆತೆ. ಮಧ್ಯಾಹ್ನ ಒಂದಕ್ಕೆ ಅಮ್ಮ ಬಾಗಿಲು ಹಾಕಿದರು. ಅವರೆಲ್ಲ ಉಂಡು ಮುಗಿಸುವವರೆಗೆ ಅದನ್ನು ತೆರೆಯುವ ಹಾಗಿಲ್ಲ.

ಅಮ್ಮ, ಅಣ್ಣ ದಯಾನಂದ, ನಾನು, ಮೂವರೂ ಚಾವಡಿಯಲ್ಲಿ ಕೂತೆವು. ಒಳಗಿನಿಂದ ಉಗುರಿನಲ್ಲಿ ಗಾಜು ತಟ್ಟಿದಂಥ ಸದ್ದು ಬಂತು.

"ಹಲ್ಲಿ ಇರಬೇಕು ಮಾರಾಯ್ತಿ," ಎಂದ ಅಣ್ಣ.

ಅರ್ಧ ಗಂಟೆಯ ನಂತರ ಅಮ್ಮ ಬಾಗಿಲು ತಟ್ಟಿ ತೆರೆದರು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಫೋನ್ ಮಾತ್ರ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು. ಪುಟದಲ್ಲಿ 'ನಮ್ಮಲ್ಲಿ ಐದು ಎಲೆ' ಎಂದಿತ್ತು. ತಿದ್ದಿದ ಸಮಯ 1.20.

ನಾನು ಅದನ್ನು ಗಟ್ಟಿಯಾಗಿ ಓದಿದೆ. "ಐದನೆಯವರು ಯಾರು ಅಮ್ಮ? ನಮ್ಮಲ್ಲಿ ಹಾಗೆ ಯಾರೂ ಇಲ್ಲವಲ್ಲ?"

ಅಮ್ಮ ಸೀದಾ ಹಿತ್ತಲಿಗೆ ಹೋಗಿ ಅಂಗೈಯಗಲದ ಒಂದು ಎಲೆ ಕೊಯ್ದು ತಂದರು. ಅದಕ್ಕೆ ಅನ್ನ ಬಡಿಸಲಿಲ್ಲ. ಒಂದು ಪುಟ್ಟ ಬಟ್ಟಲು ಹಾಲು ಇಟ್ಟರು.

"ಅನ್ನ ಉಣ್ಣುವ ಪ್ರಾಯಕ್ಕೆ ಮೊದಲೇ ಹೋದ ಮಗು. ಇನ್ನೊಮ್ಮೆ ಬಾಗಿಲು ಹಾಕುವ," ಎಂದರು.

ಹಾಕುವ ಮೊದಲು ನನ್ನ ಕೈಯಿಂದ ಫೋನನ್ನು ತೆಗೆದುಕೊಂಡು, ಆ ಎಲೆಯ ಪಕ್ಕದಲ್ಲಿ ಇಟ್ಟು ಬಂದರು.