ಕೈ ಬಿಡಿ ಅಂದವನು

"ತುಟಿ ದಪ್ಪ ಆಯ್ತು. ಹೊಟ್ಟೆನೂ ಸ್ವಲ್ಪ ಕಮ್ಮಿ ಮಾಡ್ಬೇಕು."

ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದ ಅವಳ ಕಿವಿ ಕೆಂಪಗಾಯಿತು. ಬಂದು ಒಂದು ನಿಮಿಷ ಆಗಿಲ್ಲ, ಇಂಥ ಮಾತಾ?!

"ಏನಂದ್ರಿ? ಇನ್ನೊಂದ್ಸಲ ಹೇಳಿ ನೋಡೋಣ!"

ಮೈತುಂಬ ಪ್ಲಾಸ್ಟರ್ ಪುಡಿ ಮೆತ್ತಿಕೊಂಡಿದ್ದ ಅವನು ತಬ್ಬಿಬ್ಬಾಗಿ ತಲೆ ಎತ್ತಿದ. ಅವನ ಅಂಗೈ ಮೇಲೆ ಅವಳೇ ಬೆಳಿಗ್ಗೆ ಕಳಿಸಿದ್ದ ಮಣ್ಣಿನ ಕಪ್ಪಿತ್ತು.

"ಅಯ್ಯೋ, ಕಪ್ಪಿಗೆ ಹೇಳಿದ್ದು ರೀ! ನಿಮ್ಮ ತುಟಿ... ಅಂದ್ರೆ... ಅದು ಸರಿಯಾಗೇ ಇದೆ."

ಸಮಾಧಾನ ಮಾಡಲು ಹೋಗಿ ಇನ್ನೂ ಕೆಡಿಸಿದ ಪುಣ್ಯಾತ್ಮ! ಕೋಪ ಮಾಡಿಕೊಳ್ಳಲೋ ನಗಲೋ ತಿಳಿಯದೆ ಅವಳು ಕಪ್ಪನ್ನು ಕಿತ್ತುಕೊಂಡಳು.

ಆ ಡಿಸೈನ್ ಕಾಲೇಜಿನಲ್ಲಿ ಅವನನ್ನು ಎಲ್ಲರೂ ಅಚ್ಚು ಮಾಸ್ಟರ್ ಅನ್ನುತ್ತಿದ್ದರು. ಕಾಗದದ ಮೇಲಿನ ಚಿತ್ರಕ್ಕೆ ಅಚ್ಚು ತೆಗೆದು, ಕೈಗೆ ಸಿಗುವ ಮಾದರಿ ಮಾಡಿಕೊಡುವುದು ಅವನ ಕೆಲಸ. ಅವನ ಬಾಯಲ್ಲಿ ಕಪ್ಪೆಂದರೆ ಒಂದು ಜೀವ. ಅಂಚಿಗೆ ತುಟಿ ಅನ್ನುವನು, ಬುಡಕ್ಕೆ ಕಾಲು ಅನ್ನುವನು.

ಅವಳಿಗೂ ಬೇಗನೆ 'ಕಪ್ ಮೇಡಂ' ಎಂಬ ಹೆಸರು ಅಂಟಿಕೊಂಡಿತು. ಅಂಟದೆ ಇನ್ನೇನು? ಅವಳ ಸಂಶೋಧನೆಯೇ ಕಪ್ಪು, ಕೈ ನಡುಗುವವರಿಗಾಗಿ ಚೆಲ್ಲದ ಕಪ್ಪು.

ಅದರ ಹಿಂದೆ ಅಪ್ಪನಿದ್ದರು. ಒಂದು ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ ಟೈಲರ್. ಈಗ ಬೆರಳು ಮಾತು ಕೇಳುವುದಿಲ್ಲ. ಮನೆಗೆ ಯಾರೇ ಬಂದರೂ "ನಂದು ಈಗ ತಾನೇ ಆಯ್ತು" ಎಂದು ಸುಳ್ಳು ಹೇಳಿ ಟೀ ಮುಟ್ಟದೆ ಕೂರುವರು. ಆ ಸುಳ್ಳು ತಪ್ಪಿಸಲೆಂದೇ ಮಗಳು ಈ ಕಪ್ಪಿನ ಹಿಂದೆ ಬಿದ್ದಿದ್ದಳು.

"ಕೂತು ಉತ್ತರ ಬರೀಬೇಡ," ಎಂದಿದ್ದರು ಗೈಡ್ ಮೇಡಂ. "ಮಾಡು, ಅಪ್ಪನ ಕೈಗೆ ಕೊಡು, ನೋಡು, ಕೆಡಿಸು, ಮತ್ತೆ ಮಾಡು. ಹುಡುಕ್ಬೇಕಾದ ಪ್ರಶ್ನೆ ಯಾವುದು ಅಂತ ಆ ಮಾದರಿಗಳೇ ಹೇಳ್ತವೆ."

ಹೇಳಬೇಕಲ್ಲ! ಬುಡ ಭಾರದ ಕಪ್ಪು ಕೊಟ್ಟರೆ ಅಪ್ಪ "ಇದೇನು ತೂಕದ ಬಟ್ಟಾ?" ಎಂದರು. ಮುಚ್ಚಳದ್ದು ಕೊಟ್ಟರೆ "ಇದು ಆಸ್ಪತ್ರೆದು" ಎಂದರು. ಎರಡು ಹಿಡಿಕೆಯದ್ದನ್ನಂತೂ "ಪಾಪುಗೆ ಕೊಡು" ಎಂದು ದೂರ ತಳ್ಳಿದರು. ಯಾವುದೂ ಚೆಲ್ಲುತ್ತಿರಲಿಲ್ಲ. ಆದರೆ ಯಾವುದರಲ್ಲೂ ಅಪ್ಪ ಕುಡಿಯಲಿಲ್ಲ.

ಯಾಕೆ? ಅವಳಿಗೆ ತಲೆಬುಡ ತಿಳಿಯಲಿಲ್ಲ.

ತಿಳಿಯದ್ದು ಇನ್ನೊಂದೂ ಇತ್ತು... ಹಾಲಿನಂತೆ ತೆಳ್ಳಗೆ ಕದಡಿದ ಮಣ್ಣನ್ನು ಅಚ್ಚಿಗೆ ಸುರಿಯುವಾಗ ಅವನು ಅವಳ ಮಣಿಕಟ್ಟು ಹಿಡಿದು "ನಿಧಾನ... ಹಾಂ, ಹೀಗೆ" ಎನ್ನುತ್ತಿದ್ದ. ಸುರಿದು ಮುಗಿದ ಮೇಲೂ ಒಂದು ಗಳಿಗೆ ಕೈ ಅಲ್ಲೇ ಇರುತ್ತಿತ್ತು.

'ಇದು ಕೆಲಸದ ಹಿಡಿತವಾ? ಬೇರೆಯದಾ? ಛೇ, ನನಗೇ ಹುಚ್ಚು!'

ಶುಕ್ರವಾರ ರಿವ್ಯೂ. ಅಪ್ಪ ಒಪ್ಪಿ ಕುಡಿಯುವ ಒಂದೇ ಒಂದು ಮಾದರಿಯೂ ಇಲ್ಲದಿದ್ದರೆ ಪ್ರಾಜೆಕ್ಟ್ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ವರ್ಕ್‌ಶಾಪಿಗೆ ಬರಲು ಅವಳಿಗೆ ಯಾವ ನೆಪ?

ಸೋಮವಾರ ಅವಳು ಗಟ್ಟಿ ಮನಸ್ಸು ಮಾಡಿದಳು. ಪ್ಲಾಸ್ಟರ್ ಕಲಸುವ ಯಂತ್ರ ಗರ್ ಎನ್ನುತ್ತಿತ್ತು. ಅವನು ಬೆನ್ನು ಹಾಕಿ ನಿಂತಿದ್ದ. ಬೆನ್ನಿಗೆ ಹೇಳುವುದೇ ಸುಲಭ ಅನ್ನಿಸಿತು.

"ಈ ಕಪ್ಪಿಗೆ ಮುಂದೆ ಏನ್ ಮಾಡ್ಲಿ, ಗೊತ್ತಾಗ್ತಿಲ್ಲ... ಮತ್ತೆ, ನಾವಿಬ್ರೂ... ನಮ್ಮ ವಿಷಯ... ನಿಮಗೇನನ್ಸುತ್ತೆ?"

ಅವನು ತಿರುಗಲೂ ಇಲ್ಲ.

"ಕೈ ಬಿಡಿ!" ಎಂದು ಯಂತ್ರದ ಸದ್ದಿನ ಮೇಲೆ ಕೂಗಿದ. "ನಾನೂ ಅದೇ ಯೋಚಿಸ್ತಿದ್ದೆ. ಕೈ ಬಿಟ್ಟುಬಿಡಿ, ಎಲ್ಲಾ ಸರಿಹೋಗುತ್ತೆ!"

ಅಷ್ಟು ಸಲೀಸಾಗಿ? ಅಷ್ಟು ಖುಷಿಯಿಂದ?!

ಮಾದರಿಗಳನ್ನೆಲ್ಲ ಚೀಲಕ್ಕೆ ತುರುಕಿಕೊಂಡು ಅವಳು ಹೊರಟೇಬಿಟ್ಟಳು. ಅವನ ಫೋನ್ ಬಂದರೂ ಎತ್ತಲಿಲ್ಲ. 'ಬಿಡಿ ಅಂದವನಿಗೆ ಈಗೇನು ಮಾತು? ಹಾಗಾದರೆ ಮತ್ತೆ ಮತ್ತೆ ಯಾಕೆ ಮಾಡ್ತಾನೆ?' ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು.

ಗುರುವಾರ ಮಧ್ಯಾಹ್ನ ಅಪ್ಪನ ತಂಗಿ ಬಂದರು. ಅತ್ತೆ ಬಂದರೆ ಮನೆ ಗಲಗಲ. ಅವಳು ಅಲ್ಲೇ ಮೂಲೆಯಲ್ಲಿ ಚೀಲ ಖಾಲಿ ಮಾಡುತ್ತಿದ್ದಳು. ಒಂದು ಕಪ್ಪಿನ ಹಿಡಿಕೆ ಮುರಿದುಹೋಗಿತ್ತು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದು ಅಪ್ಪ ಆ ಬೋಳು ಕಪ್ಪನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ನನ್ನ ಟೀ ಇದಕ್ಕೇ ಹಾಕು."

ಅವಳು ಕಣ್ಣರಳಿಸಿ ನೋಡುತ್ತ ಟೀ ಬಗ್ಗಿಸಿದಳು. ಅಪ್ಪ ಎರಡೂ ಅಂಗೈಗಳಿಂದ ಕಪ್ಪನ್ನು ತಬ್ಬಿ ಹಿಡಿದರು. ಒಂದು ಕೈಯ ನಡುಕವನ್ನು ಇನ್ನೊಂದು ತಡೆಯಿತು. ಚಳಿಗೆ ಕೈ ಕಾಯಿಸಿಕೊಳ್ಳುವವರ ಹಾಗೆ ಕೂತು, ಅತ್ತೆಯ ಮುಂದೆಯೇ ಕುಡಿದರು!

ಅತ್ತೆ ಏನನ್ನೂ ಗಮನಿಸಲಿಲ್ಲ, ತಮ್ಮ ಪಾಡಿಗೆ ನೆರೆಮನೆಯವರ ಮೇಲೆ ಚಾಡಿ ಹೇಳುತ್ತಲೇ ಇದ್ದರು.

"ಅಪ್ಪಾ... ಇದು ಹೇಗೆ ಒಪ್ಪಿಗೆ ಆಯ್ತು?"

"ಚೆಲ್ಲಿದ್ರೆ ಒರೆಸ್ಬೋದಮ್ಮ," ಎಂದರು ಅಪ್ಪ ಮೆಲ್ಲಗೆ. "ಜನ ನನ್ನ ಕೈನೇ ನೋಡ್ತಾರಲ್ಲ, ಅದು ಸಹಿಸೋಕಾಗಲ್ಲ. ಇದಕ್ಕೆ ಹಿಡಿಕೆ ಇಲ್ಲ ನೋಡು, ಎಲ್ರೂ ಹೀಗೇ ಹಿಡೀಬೇಕು."

ಅಯ್ಯೋ! ಇಷ್ಟು ದಿನ ಹುಡುಕಿದ್ದು ತಪ್ಪು ಪ್ರಶ್ನೆಯನ್ನ! ಚೆಲ್ಲದ ಕಪ್ಪಲ್ಲ... ನಾಚಿಸದ ಕಪ್ಪು. ಅದಕ್ಕೆ ಹಿಡಿಕೆ ಇರಬಾರದು.

ಹಿಡಿಕೆ...

ಅಂಚಿಗೆ ತುಟಿ ಅನ್ನುವವನು, ಬುಡಕ್ಕೆ ಕಾಲು ಅನ್ನುವವನು... ಹಿಡಿಕೆಗೆ ಏನನ್ನಬಹುದು?!

"ಕೈ!"

ಅತ್ತೆ ಬೆಚ್ಚಿದರು. "ಏನಾಯ್ತೇ ನಿನ್ನ ಕೈಗೆ?"

ಉತ್ತರಿಸಲು ಅವಳು ಅಲ್ಲಿರಲಿಲ್ಲ, ಚಪ್ಪಲಿ ಮೆಟ್ಟಿ ಓಡಿಯಾಗಿತ್ತು.

ವರ್ಕ್‌ಶಾಪಿನ ಮೇಜಿನ ಮೇಲೆ ಹಿಡಿಕೆಯಿಲ್ಲದ ಕಪ್ಪುಗಳು ಸಾಲಾಗಿ ನಿಂತಿದ್ದವು. ಅವನ ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು.

"ಏನ್ರೀ ನೀವು? ಹೇಳದೆ ಕೇಳದೆ ಹೋದ್ರಿ! ಕೂಗಿ ಮಾತಾಡಿದೆ ಅಂತ ಬೇಜಾರಾ? ಫೋನಾದ್ರೂ ಎತ್ಬಾರ್ದಾ?"

"ಅವತ್ತು... ಕೈ ಬಿಡಿ ಅಂದ್ರಲ್ಲ... ಯಾವ ಕೈ?"

"ಕಪ್ಪಿನ ಕೈ! ಇನ್ಯಾವ್ದು?" ಅವನು ಪೂರ್ತಿ ಗೊಂದಲಕ್ಕೆ ಬಿದ್ದ. "ನೀವು ಏನಂದ್ಕೊಂಡ್ರಿ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಗೋಡೆಯ ಕಡೆ ಕೈ ಚಾಚಿ, ಇವತ್ತೂ ಗರ್ ಎನ್ನುತ್ತಿದ್ದ ಯಂತ್ರದ ಸ್ವಿಚ್ ಆರಿಸಿದಳು.

"ನಾನು ಎರಡು ಪ್ರಶ್ನೆ ಕೇಳಿದ್ದೆ ಮಾಸ್ಟ್ರೇ. ನಿಮಗೆ ಒಂದೇ ಕೇಳಿಸಿದೆ."

"ಇನ್ನೊಂದು?"

"ನಾವಿಬ್ರೂ... ಮುಂದೆ ಏನು ಅಂತ."

ಅವನ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು. "ಅಯ್ಯಯ್ಯೋ! ಅದಕ್ಕೆ ನಾನು... ಅಷ್ಟು ಜೋರಾಗಿ... ಬಿಡಿ ಅಂದ್ನಾ?!"

"ಹೂಂ. ಖುಷಿಯಾಗಿ ಅಂದ್ರಿ."

ಅವನು ಪ್ಲಾಸ್ಟರ್ ಮೆತ್ತಿದ ಅಂಗೈಯನ್ನು ಅಂಗಿಗೆ ಉಜ್ಜಿ ಉಜ್ಜಿ ಒರೆಸಿಕೊಂಡು ಮುಂದೆ ಚಾಚಿದ. ಎಷ್ಟೋ ಅಚ್ಚು ಅಲುಗದಂತೆ ಹಿಡಿದ ಆ ಕೈ ಈಗ ನಡುಗುತ್ತಿತ್ತು.

"ಕಪ್ಪಿಗೆ ಕೈ ಬೇಡ ರೀ," ಎಂದ. "ನನಗೆ ಬೇಕು."

ಅವಳು ತನ್ನ ಎರಡೂ ಅಂಗೈಗಳ ನಡುವೆ ಅದನ್ನು ತಬ್ಬಿ ಹಿಡಿದಳು, ಅಪ್ಪ ಕಪ್ಪು ಹಿಡಿದಂತೆಯೇ. ನಡುಕ ಮೆಲ್ಲಗೆ ನಿಂತಿತು.

"ಈಗ ಹೇಳಿ, ಬಿಡ್ಲಾ?"

"ಬಿಟ್ಟೀರಾ ಮತ್ತೆ!"