ದುಂಡಪ್ಪನಿಗಾಗಿ ಅತ್ತವರು

ಹಿರೇಗೊಂಡಿ ಪಟ್ಟಣದ ಈರುಳ್ಳಿ ಮಾರುಕಟ್ಟೆಯ ಹಿಂದೆ ಎತ್ತರದ ಉಕ್ಕಿನ ಹಂಡೆಯೊಂದು ಹಗಲಿಡೀ ಬುಳುಬುಳು ಸದ್ದು ಮಾಡುತ್ತಿತ್ತು. ಮೇಲಿನ ಬಾಯಿಗೆ ಈರುಳ್ಳಿ ಸಿಪ್ಪೆ, ಕೊಳೆತ ಗಡ್ಡೆ, ಒಣಗಿದ ತಪ್ಪಲು ಸುರಿದರೆ ಕೆಳಗಿನ ನಳಿಕೆಯಿಂದ ಹೊಂಬಣ್ಣದ ಇಂಧನ ಇಳಿಯುತ್ತಿತ್ತು. ಸರಕಾರಿ ಕಾಗದಗಳಲ್ಲಿ ಅದರ ಹೆಸರು ‘ಸಸ್ಯಶೇಷ ಜೈವಿಕ ಇಂಧನ’. ಊರವರ ಬಾಯಲ್ಲಿ ಸಿಪ್ಪೆಎಣ್ಣೆ. ಡೀಸೆಲ್ಲನ್ನು ಮುದುಕರು ಮಾತ್ರ ನೆನೆಸಿಕೊಳ್ಳುತ್ತಿದ್ದ ಕಾಲ ಅದು. ಹೆದ್ದಾರಿಯ ಬಸ್ಸುಗಳು ಆಗಲೇ ಸಿಪ್ಪೆಎಣ್ಣೆ ಕುಡಿದು ಓಡುತ್ತಿದ್ದವು. ಈಗ ಪಟ್ಟಣದೊಳಗಿನ ಗಾಡಿಗಳ ಸರದಿ ಬಂದಿತ್ತು.

ಹಂಡೆಯೊಳಗೆ ದುಡಿಯುತ್ತಿದ್ದುದು ಬ್ಯಾಕ್ಟೀರಿಯಾ. ಅದರ ವಂಶವಾಹಿಗಳನ್ನು ತಿದ್ದಿ ಈ ಕೆಲಸಕ್ಕೆ ಹಚ್ಚಿದವಳು ಡಾ. ಸುವರ್ಣಾ ಅಣ್ಣಿಗೇರಿ. ನಾರನ್ನು ಒಡೆದು ಸಕ್ಕರೆ ಮಾಡುವ ವಂಶವಾಹಿಯನ್ನು ಅವಳು ಗೆದ್ದಲಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಯಿಂದ ತಂದಿದ್ದಳು. ಸಕ್ಕರೆಯನ್ನು ಮದ್ಯಸಾರವಾಗಿಸುವುದನ್ನು ಹುದುಗಿನಿಂದ. ಆದರೆ ಈರುಳ್ಳಿಯ ಘಾಟಿಗೆ ಆ ಬಡಪಾಯಿ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತಿತ್ತು. ಕೊನೆಗೆ ಈರುಳ್ಳಿಯದೇ ಒಂದು ವಂಶವಾಹಿಯನ್ನು ಸೇರಿಸಿದ ಮೇಲೆ ಅದು ಘಾಟನ್ನು ಅರಗಿಸಿಕೊಂಡು ಗುಂಡುಕಲ್ಲಿನ ಹಾಗೆ ಬದುಕಿತು. ಆ ದಿನ ಸುವರ್ಣಾ ಪ್ರಯೋಗಾಲಯದ ತುಂಬ ಪೇಡೆ ಹಂಚಿದ್ದಳು. ಅರಗಿದ ಘಾಟು ಎಲ್ಲಿಗೆ ಹೋಯಿತು ಎಂದು ಪೇಡೆಯ ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ.

ಪುರಸಭೆ ಮೊಟ್ಟಮೊದಲು ಈ ಎಣ್ಣೆ ತುಂಬಿಸಿದ್ದು ಶವವಾಹನಕ್ಕೆ. ಏನಾದರೂ ಎಡವಟ್ಟಾದರೆ ಅದರ ಪ್ರಯಾಣಿಕರು ದೂರು ಕೊಡುವುದಿಲ್ಲ ಎಂಬುದು ಅಧ್ಯಕ್ಷರ ಲೆಕ್ಕಾಚಾರ. ಹಾಗೆ ಮೊದಲು ಹೊರಟವನು ದುಂಡಪ್ಪ ಕೋರಿ.

ದುಂಡಪ್ಪ ಊರಿಗೆ ನೀರು ಬಿಡುವವನಾಗಿದ್ದ. ವಿಜ್ಞಾನ ಎಷ್ಟೇ ಮುಂದುವರಿದರೂ ಹಿರೇಗೊಂಡಿಯ ನಳಕ್ಕೆ ನೀರು ವಾರಕ್ಕೊಮ್ಮೆಯೇ ಬರುತ್ತಿತ್ತು, ಮತ್ತು ಕೊನೆಯ ಕೊಡ ಅರ್ಧ ತುಂಬಿದಾಗ ಸರಿಯಾಗಿ ನಿಲ್ಲುತ್ತಿತ್ತು. ಕೇಳಲು ಹೋದವರಿಗೆ ಬೈಗುಳ ಧಾರಾಳವಾಗಿ ಸಿಗುತ್ತಿತ್ತು. ಊರಿನಲ್ಲಿ ಅವನನ್ನು ಶಪಿಸದ ಹೆಣ್ಣುಮಗಳಿರಲಿಲ್ಲ. ಎದುರುಮನೆಯ ನಿವೃತ್ತ ಚಿತ್ರಕಲಾ ಶಿಕ್ಷಕ ಸೋಮರಡ್ಡಿ ಮಾಸ್ತರರಂತೂ ನೀರು ಬರುವ ದಿನ ಪಂಚೆ ಎತ್ತಿಕಟ್ಟಿ ಅವನೊಡನೆ ಜಗಳಕ್ಕೆ ನಿಲ್ಲುತ್ತಿದ್ದರು. ಅವನು ಸತ್ತ ದಿನವೂ, ನಿಜವಾಗಿ ಸತ್ತಿದ್ದಾನೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು ಬಂದಿದ್ದೇನೆಂದು ಅವರು ಅಂಗಳದಲ್ಲೇ ಸಾರಿದ್ದರು.

ಇಂಧನದ ಪರೀಕ್ಷೆಗೆಂದು ಬಂದಿದ್ದ ಸುವರ್ಣಾಳನ್ನು ದುಂಡಪ್ಪನ ಹೆಂಡತಿ ನೀಲವ್ವ ಗೋಡೆಯ ಬದಿಗೆ ಕರೆದಳು.

“ತಂಗೀ, ಮನಷ್ಯಾ ಸತ್ತರ ಓಣಿ ಅಳಬೇಕವ್ವಾ. ಮುಂಜಾನಿಂದ ಬಂದ ಮಂದಿ ಎಲ್ಲಾ, ಇನ್ನ ನೀರ ಯಾರ ಬಿಡ್ತಾರ ಅಂತ ಕೇಳೂದಽ ಆತು. ಅಳಲಾರದ ಮಣ್ಣ ಮಾಡಿದ್ರ ಅಂವಾ ಬೇವಾರ್ಸಿ ಹ್ವಾದಂಗ ಆಗ್ತದ. ನೀನರ ಒಂದೀಟ ಅಳವಾ.”

ಸುವರ್ಣಾಳ ಮನೆಯದೂ ಅರ್ಧ ಕೊಡದ ಕಥೆಯೇ. ಎಷ್ಟು ಪ್ರಯತ್ನಿಸಿದರೂ ಅವಳಿಗೆ ಅಳು ಬರಲಿಲ್ಲ. ಅವಳು ನಾಚಿಕೆಪಟ್ಟು ಶವವಾಹನದ ಮುಂದಿನ ಆಸನದಲ್ಲಿ, ಚಾಲಕ ಹುಸೇನಸಾಬನ ಪಕ್ಕ ಹೋಗಿ ಕುಳಿತಳು.

ಗಾಡಿ ಹೊರಟಿತು. ಶವಯಾತ್ರೆಯಲ್ಲವೇ, ನಡೆಯುವವರ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಸಾಗಿತು. ಓಣಿಯ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಮೂಗು ಸೀಟುವ ಸದ್ದು ಕೇಳಿಸಿತು. ಸುವರ್ಣಾ ಕನ್ನಡಿಯಲ್ಲಿ ನೋಡಿದಳು. ಪುರಸಭೆ ಅಧ್ಯಕ್ಷರು ಅಳುತ್ತಿದ್ದರು. ಬಂದೋಬಸ್ತಿನ ಪೊಲೀಸನು ಟೋಪಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಚಹಾದಂಗಡಿಯ ಮುಂದೆ ನಿಂತಿದ್ದ ಪರವೂರಿನ ಬೀಜದ ವ್ಯಾಪಾರಿ ಸತ್ತವರು ಯಾರೆಂದು ತಿಳಿಯದೆಯೇ ಗೊಳೋ ಎಂದ.

ಕಣ್ಣೀರು ಬಂದ ಮೇಲೆ ಸುಮ್ಮನಿರುವುದು ಆ ಊರ ಹೆಂಗಸರ ಪದ್ಧತಿಯಲ್ಲ. ಹಾಡ್ಯಾಡಿ ಅಳಬೇಕು, ಸತ್ತವನ ಗುಣ ಎತ್ತಿ ಎತ್ತಿ ಹೇಳಬೇಕು. “ಎಂಥಾ ಬಂಗಾರದಂಥಾ ಮನಷ್ಯಾನಽ” ಎಂದು ಒಬ್ಬಳು ಎತ್ತಿಕೊಂಡಳು. ಮುಂದಿನ ಸಾಲು ಹೊಳೆಯದೆ ಅಲ್ಲಿಗೇ ನಿಂತಳು. ಸ್ವಲ್ಪ ಹೊತ್ತು ಬರೀ ಬಿಕ್ಕಳಿಕೆ. ಆಮೇಲೆ ನೆರೆಮನೆಯ ತಂಗೆವ್ವ ದನಿ ತೆಗೆದಳು:

“ನನ್ನ ಮಗಳ ಮದವಿಗೆ ಬೇಕಾದಷ್ಟು ನೀರ ಬಿಟ್ಟಿದ್ದೆಲ್ಲೋ ಎಪ್ಪಾ! ಬೈಕೋತ ಬೈಕೋತ ಬಿಟ್ಟಿದ್ದೆಲ್ಲೋ!”

“ನಮ್ಮತ್ತಿ ಬಿದ್ದಾಗ ದವಾಖಾನಿಗೆ ಹೊತಗೊಂಡ ಒಯ್ದಿದ್ದೆಲ್ಲೋ! ದಾರಿಗುಂಟ ಆಕಿಗೆ ಬೈದಿದ್ದೆಲ್ಲೋ!”

ಸುವರ್ಣಾ ಕನ್ನಡಿಯಲ್ಲಿ ಹೊಗೆಯನ್ನು ನೋಡಿ ಚಾಲಕನತ್ತ ತಿರುಗಿದಳು. “ಹುಸೇನಸಾಬರ, ಇದು ದುಃಖ ಅಲ್ಲ. ಉಳ್ಳಾಗಡ್ಡಿ!”

“ಅಂದ್ರ?”

“ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣಾಗ ನೀರ ತರಸ್ತದಲ್ಲ, ಆ ಕಣ್ಣೀರುಕಾರಕ ಎಣ್ಣಿಯೊಳಗಽ ಉಳದಬಿಟ್ಟದ. ಗಾಡಿ ಜೋರ ಓಡಿದ್ರ ಎಂಜಿನ್ ಕಾಯ್ತದ, ಅದು ಸುಟ್ಟು ಹೋಗ್ತದ. ನಾವು ಹೆದ್ದಾರಿಯೊಳಗಷ್ಟಽ ಪರೀಕ್ಷಾ ಮಾಡಿದ್ವಿ. ಹಿಂಗ ಆಮಿ ನಡದಂಗ ನಡದ್ರ ಹೊಗಿಯೊಳಗ ಹಂಗಽ ಹೊರಗ ಬರ್ತದ.”

“ಹಂಗಾರ ಜೋರ ಓಡಸ್ಲೇನ್ರೀ? ಹೆಣ ತಗೊಂಡು ಓಡಿಹ್ವಾದ ಅಂತ ಮಂದಿ ನನ್ನ ಹೊಡದಾರು.”

ಗಾಡಿ ನಿಲ್ಲಿಸಿ ಎಲ್ಲರಿಗೂ ನಿಜ ಹೇಳುವುದು ವಿಜ್ಞಾನಿಯಾದವಳ ಧರ್ಮ. ಸುವರ್ಣಾ ಬಾಗಿಲ ಹಿಡಿಗೆ ಕೈ ಹಾಕಿದಳು. ಅಷ್ಟರಲ್ಲಿ ನೀಲವ್ವ ಏದುಸಿರು ಬಿಡುತ್ತ ಮುಂದೆ ಬಂದು, ಕಿಟಕಿಯೊಳಗೆ ಕೈಚಾಚಿ ಅವಳ ಕೈ ಹಿಡಿದುಕೊಂಡಳು. ಮುದುಕಿಯ ಮುಖ ಒದ್ದೆಯಾಗಿತ್ತು, ಅರಳಿತ್ತು.

“ನೋಡವ್ವಾ ತಂಗೀ, ಊರಿಗೆ ಊರಽ ಅಳಾಕತ್ತದ. ನಂಗ ಗೊತ್ತಽ ಇರಲಿಲ್ಲ. ಅಂವಗೂ ಗೊತ್ತಿರಲಿಲ್ಲ. ಗೊತ್ತಿದ್ರ ಇಷ್ಟ್ಯಾಕ ಸಿಟ್ಟ ಮಾಡ್ತಿದ್ದ?”

ಸುವರ್ಣಾ ಬಾಗಿಲ ಹಿಡಿಯಿಂದ ಕೈ ತೆಗೆದಳು. ವಿಜ್ಞಾನದ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿಕೊಂಡು, ಚಾಲಕನ ಕಡೆ ಬಾಗಿ ಪಿಸುಗುಟ್ಟಿದಳು.

“ಪ್ಯಾಟಿ ಸುತ್ತ ಹಾಕ್ಕೊಂಡು ಹೋಗ್ರಿ. ಇನ್ನೊಂದೀಟು ಸಾವಕಾಶ.”

ದುಂಡಪ್ಪನಿಗೆ ಶಾಸಕರಿಗೂ ಸಿಗದಂಥ ಮೆರವಣಿಗೆ ಸಿಕ್ಕಿತು. ಬಟ್ಟೆಯಂಗಡಿಯವರು ಅತ್ತರು, ಬ್ಯಾಂಕಿನವರು ಅತ್ತರು, ಮದುವೆ ಮುಗಿಸಿ ಬರುತ್ತಿದ್ದ ಬ್ಯಾಂಡಿನವರು ತುತ್ತೂರಿ ಕೆಳಗಿಟ್ಟು ಅತ್ತರು. ಹೇಳಲು ಗುಣಗಳು ಮುಗಿದಾಗ ಹೆಂಗಸರು ಅವನ ಬೈಗುಳಗಳನ್ನೇ ರಾಗವಾಗಿ ನೆನೆದರು.

ಸ್ಮಶಾನದಲ್ಲಿ ಹುಸೇನಸಾಬ ಎಂಜಿನ್ ಆರಿಸಿದ. ಮಣ್ಣಾಗುವ ಹೊತ್ತಿಗೆ ಗಾಳಿ ತಿಳಿಯಾಗಿತ್ತು, ಜನರ ಕಣ್ಣೂ ಒಣಗಿತ್ತು. ಇಷ್ಟೊಂದು ಯಾಕೆ ಅತ್ತೆವು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀಲವ್ವನನ್ನು ನಡುವೆ ಹಿಡಿದುಕೊಂಡು ಹೆಂಗಸರು ಹೊರಟರು; ಗಂಡಸರು ಚಹಾ ಕುಡಿಯಲು ನಡೆದರು.

ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಸೋಮರಡ್ಡಿ ಮಾಸ್ತರರೊಬ್ಬರೇ ಕುಳಿತಿದ್ದರು. ಭುಜ ಕುಲುಕಿಸಿ ಅಳುತ್ತಿದ್ದರು. ಸುವರ್ಣಾಳಿಗೆ ತಡೆಯಲಾಗಲಿಲ್ಲ. ಇವರೊಬ್ಬರಿಗಾದರೂ ನಿಜ ಹೇಳಬೇಕೆಂದು ಹತ್ತಿರ ಹೋಗಿ, ಹಂಡೆ, ಘಾಟು, ಹೊಗೆ ಎಲ್ಲವನ್ನೂ ವಿವರಿಸಿದಳು.

“ತಪ್ಪಾತ್ರಿ ಮಾಸ್ತರ. ನಿಮ್ಮ ಕಣ್ಣಾಗಿನ ನೀರು ಬರೇ ಉಳ್ಳಾಗಡ್ಡಿದು.”

ಮಾಸ್ತರರು ಕೇಳಿಸಿಕೊಂಡು ಮೂಗು ಒರೆಸಿಕೊಂಡರು.

“ನಿನ್ನ ಗಾಡಿ ಬಂದ್ ಆಗಿ ಬಾಳ ಹೊತ್ತಾತಲ್ಲವಾ?”

“ಹೌದ್ರಿ.”

“ಉಳದವರೆಲ್ಲಾ ಮಾರಿ ಒರಿಸ್ಕೊಂಡು ಚಾಕ್ಕ ಹ್ವಾದ್ರು. ಮತ್ತ ನಂದ್ಯಾಕ ನಿಲ್ಲವಲ್ದು?” ಅವರು ಹೊಸ ಮಣ್ಣಿನ ಕಡೆ ಕೈ ಮಾಡಿದರು. “ನಾಳಿ ಬೇಸ್ತವಾರ, ನೀರ ಬರೂ ದಿನ. ನಾ ಇನ್ನ ಯಾರ ಜೋಡಿ ಜಗಳಾಡ್ಲಿ?”

ಸುವರ್ಣಾ ಕಲ್ಲಿನ ಮೇಲೆ ಅವರ ಪಕ್ಕ ಕುಳಿತಳು. ದೂರದಲ್ಲಿ ಹುಸೇನಸಾಬ ಗಾಡಿ ಚಾಲೂ ಮಾಡಲೇ ಎಂದು ಸನ್ನೆಯಲ್ಲಿ ಕೇಳಿದ. ಬೇಡವೆಂದು ಅವಳು ಕೈಯಾಡಿಸಿದಳು.