ಸಿಕ್ಕಿಹಾಕಿಕೊಂಡ ಮರದ ಆಚೆ, ಈಚೆ

ಅವಳು ಅವನ ಹೆಗಲು ತಟ್ಟಿದ್ದೇ ತಪ್ಪಾಯ್ತು!

ಅವನ ಕೈಯಲ್ಲಿ ಚೈನ್ ಗರಗಸ ಗರ್‌ರ್ ಅಂತ ಓಡ್ತಿತ್ತು. ಕಿವಿಗೆ ದಪ್ಪ ಮುಚ್ಚಳ. ಇವಳು ಸೀದಾ ಹಿಂದಿನಿಂದ ಹೋಗಿ, "ಸಾರ್, ಮರ ಕಡಿಯೋ ಟ್ರೈನಿಂಗ್ ಇಲ್ಲೇನಾ?" ಅಂತ ತಟ್ಟಿಬಿಟ್ಟಳು.

ಅವನು ಮೆಷಿನ್ ಆಫ್ ಮಾಡಿದ. ನೆಲಕ್ಕಿಟ್ಟ. ತಿರುಗಿದ. ಆಮೇಲೆ ಕೂಗಿದ ನೋಡಿ...

"ಜೀವದ ಮೇಲೆ ಆಸೆ ಇಲ್ವೇನ್ರೀ ನಿಮಗೆ?! ಗರಗಸ ಹಿಡ್ಕೊಂಡೇ ತಿರುಗಿದ್ರೆ ನಿಮ್ಮ ಗತಿ ಏನಾಗ್ತಿತ್ತು?!"

ಆ ಕೂಗಿಗೆ ಪಾರ್ಕಿನ ಕಾಗೆಗಳೆಲ್ಲ ಪಕ್ಕದೂರಿಗೆ ವಲಸೆ ಹೋದವು. ಕೆಲವು ಅಲ್ಲೇ ಸಂಸಾರ ಹೂಡಿ ಮೊಮ್ಮಕ್ಕಳನ್ನೂ ಕಂಡವಂತೆ. ನಂಬೋದು ಬಿಡೋದು ನಿಮ್ಮಿಷ್ಟ.

ಅವಳು ಎರಡು ಹೆಜ್ಜೆ ಹಿಂದೆ ಹಾರಿದಳು. 'ಇವನೇನು ಮೇಷ್ಟ್ರೋ, ಸೈರನ್ನೋ?'

ಆದರೆ... ಕೂಗ್ತಾ ಕೂಗ್ತಾನೇ ಅವಳಿಗೆ ಎಲ್ಲಾದರೂ ತಾಗಿತಾ ಅಂತ ಅವನ ಕಣ್ಣು ಹುಡುಕ್ತಿತ್ತು. ಅದನ್ನ ಅವಳು ನೋಡಿಬಿಟ್ಟಳು.

ಅವಳು ಅದೇ ಪಾರ್ಕಿನ ತೋಟಗಾರ್ತಿ. ಬೇಲಿ ಕತ್ತರಿಸೋ ಕತ್ತರಿ ಹಿಡಿದು ಹಿಡಿದು ಬೇಜಾರಾಗಿತ್ತು. ಈ ಟ್ರೈನಿಂಗಿನ ಪರೀಕ್ಷೆ ಪಾಸಾದರೆ ಮರ ಕಡಿಯೋ ತಂಡ. ಫೇಲಾದರೆ ಮತ್ತದೇ ಕತ್ತರಿ, ಅದೇ ಬೇಲಿ!

ಮೇಷ್ಟ್ರು ದಿನಾ ಬೈದು ಬೈದು ಕಲಿಸಿದ. "ಮರ ಮುಟ್ಟೋಕ್ ಮುಂಚೆ ಓಡೋ ದಾರಿ ನೋಡ್ಕೊಳ್ಳಿ. ಮರ ಬೀಳೋ ಕಡೆಗೆ ಬಾಯಿ ತೆರೆದ ಹಾಗೆ ಒಂದು ಕಚ್ಚು ಕೊಯ್ಯಿರಿ, ಆಮೇಲೆ ಹಿಂದಿನಿಂದ. ಮಧ್ಯೆ ಸ್ವಲ್ಪ ಬಿಡಿ, ಬಾಗಿಲಿಗೆ ತಿರುಗೋ ಕೀಲು ಇದ್ದ ಹಾಗೆ. ಅದನ್ನೂ ಕೊಯ್ದರೆ ಮರ ನಿಮ್ಮ ಮಾತು ಕೇಳಲ್ಲ!"

ಬೈಯೋಕೆ ಮುಂಚೆ ಅವಳ ಹೆಲ್ಮೆಟ್ ಪಟ್ಟಿ ಸರಿಯಾಗಿದೆಯಾ ಅಂತ ನೋಡ್ತಿದ್ದ. ಬೈದ ಮೇಲೆ ಅವಳ ಗರಗಸದ ಹಲ್ಲು ತಾನೇ ಕೂತು ಅರ ಹಾಕಿ ಮಸೀತಿದ್ದ. 'ಇದು ಯಾವ ಜಾತಿ ಕೋಪ?' ಅಂತ ಅವಳಿಗೆ ರಾತ್ರಿಯೆಲ್ಲ ಯೋಚನೆ. ಯೋಚನೆ ಮಾಡ್ತಾ ಮಾಡ್ತಾ ನಗು ಬೇರೆ!

ಪರೀಕ್ಷೆ ದಿನ ಬೆಳಿಗ್ಗೆ ಯಾರೋ ಗೊತ್ತಿಲ್ಲದ ಮೇಡಂ ಬಂದು ನಿಂತಿದ್ದರು.

"ನಿಮ್ಮ ಪರೀಕ್ಷೆ ನಾನು ಮಾಡ್ತೀನಮ್ಮ. ಮಿಕ್ಕವರದ್ದೆಲ್ಲ ನಿಮ್ಮ ಮೇಷ್ಟ್ರೇ ಮಾಡ್ತಾರಂತೆ. ನಿಮ್ಮದು ಮಾತ್ರ ಮಾಡಲ್ಲ ಅಂದ್ಬಿಟ್ರು."

ಅವಳಿಗೆ ನಿಂತ ನೆಲವೇ ಕುಸಿದ ಹಾಗಾಯ್ತು. 'ನಾನೊಬ್ಬಳೇ ಬೇಡವಾದೆನಾ...? ಅಷ್ಟು ಕೆಲಸಕ್ಕೆ ಬಾರದವಳಾ?'

ಕಣ್ಣು ಒರೆಸಿಕೊಂಡೇ ಗರಗಸ ಎತ್ತಿದಳು. ಮರ ಸಣ್ಣದು. ಬಾಯಿ ಸರಿಯಾಗೇ ಕೊಯ್ದಳು. ಹಿಂದಿನಿಂದ ಕೊಯ್ದಳು. ಮರ ಬಾಗಿತು... ಬಾಗಿ ಬಾಗಿ, ಪಕ್ಕದ ಮರದ ಕವಲಿಗೆ ತಲೆ ಇಟ್ಟು ನಿಂತೇಬಿಡ್ತು!

"ಅಯ್ಯೋ!"

ಎಳೆಯೋಣ ಅಂತ ಕೈ ಚಡಪಡಿಸಿತು. ಆದರೂ ಮೆಷಿನ್ ಆಫ್ ಮಾಡಿ, ಹಿಂದೆ ಸರಿದು, ದೂರ ಹೋಗಿ ನಿಂತಳು.

"ಗುಂಡಣ್ಣ ಟ್ರ್ಯಾಕ್ಟರ್ ತರಲಿ, ಎಳೆದು ಬೀಳಿಸೋಣ," ಅಂದರು ಮೇಡಂ. ಗುಂಡಣ್ಣ ಅಂದರೆ ಅವಳ ಜೊತೆ ಕಲಿಯೋಕೆ ಬಂದಿದ್ದ ಡ್ರೈವರ್. "ಅಲ್ಲೀವರೆಗೂ ಯಾರೂ ಕೆಳಗೆ ಹೋಗದ ಹಾಗೆ ಆಚೆ ಕಡೆ ನೀವು ಕಾವಲು ನಿಲ್ಲಿ, ಈಚೆ ಕಡೆ ಮೇಷ್ಟ್ರು. ಇಬ್ಬರೂ ಜಾಗ ಬಿಡಬೇಡಿ."

ನಡುವೆ ನೇತಾಡೋ ಮರ. ಮಾತಾಡಬೇಕು ಅಂದರೆ ಕಿರುಚಲೇಬೇಕು. ಅವಳಿಗೆ ತಡೆಯಲಾಗಲಿಲ್ಲ.

"ಸಾರ್! ನಾನು ಅಷ್ಟು ದಡ್ಡೀನಾ?!"

"ಅಲ್ಲ!"

"ಮತ್ತೆ ನನ್ನ ಪರೀಕ್ಷೆ ಮಾಡಲ್ಲ ಅಂದಿದ್ಯಾಕೆ?!"

"ಆಮೇಲೆ ಹೇಳ್ತೀನಿ!"

"ಈಗ್ಲೇ ಹೇಳಿ!"

"ಸಂಬಂಧಿಕರ ಪರೀಕ್ಷೆ ಮಾಡೋ ಹಾಗಿಲ್ಲ! ರೂಲ್ಸು!"

"ನಾನು ಯಾವ ಸೀಮೆ ಸಂಬಂಧಿ ನಿಮಗೆ?!"

"ಇನ್ನೂ ಅಲ್ಲ! ಆದ್ರೆ... ಮದುವೆ ಅಂತ ಆದ್ರೆ ನಿಮ್ಮನ್ನೇ ಆಗೋದು ಅಂತ ಇದೀನಿ! ನೀವು ಒಪ್ಪಿದ್ರೆ!"

ಅವಳು ಬಾಯಿ ತೆರೆದಳು. ಮುಚ್ಚೋದು ಮರೆತುಹೋಯ್ತು!

ಟ್ರ್ಯಾಕ್ಟರ್ ತಂದ ಗುಂಡಣ್ಣನಿಗೂ ಅದು ಕೇಳಿಸಿ, ಇಂಜಿನ್ ತಾನಾಗೇ ಆಫ್ ಆಯ್ತು.

ಎಲ್ಲರಿಗಿಂತ ಜಾಸ್ತಿ ಗಾಬರಿಯಾದವರು ಮೇಡಂ. "ಫೋನಲ್ಲಿ 'ಮುಂದೆ ಸಂಬಂಧ ಆಗೋದಿದೆ' ಅಂದಿದ್ರಲ್ರೀ! ಹುಡುಗಿಗೇ ಹೇಳಿಲ್ವಾ?!"

"ಮುನ್ನೆಚ್ಚರಿಕೆ ಮೇಡಂ," ಅಂದ ಅವನು, ತಲೆ ತಗ್ಗಿಸಿ.

"ಏನಕ್ಕಾ," ಗುಂಡಣ್ಣ ಹಗ್ಗ ಹಿಡಿದು ಕೇಳಿದ, "ಮೊದಲು ಮರ ಎಳೀಲಾ, ಮೇಷ್ಟ್ರನ್ನ ಎಳೀಲಾ?"

ಮರವನ್ನೇ ಎಳೆದರು. ಧಡಾರ್ ಅಂತ ಬಿತ್ತು. ಅವಳಿಗೆ ಅದೂ ಕೇಳಿಸಲಿಲ್ಲ.

ಮೇಡಂ ಅವಳ ಬೆನ್ನು ತಟ್ಟಿದರು. "ಮರ ಸಿಕ್ಕಿಹಾಕ್ಕೊಳ್ಳೋದು ಯಾರಿಗಾದ್ರೂ ಆಗತ್ತೆ. ಅದರ ಕೆಳಗೆ ನುಗ್ಗದೆ ಹಿಂದೆ ಸರಿದ್ರಲ್ಲ, ಅಲ್ಲೇ ನೀವು ಪಾಸು!"

ಎಲ್ಲರೂ ಕೊಂಬೆ ಕತ್ತರಿಸೋಕೆ ಹೋದರು, ಅಥವಾ ಹೋದ ಹಾಗೆ ಮಾಡಿದರು. ಅವಳು ಬಿದ್ದ ಮರ ದಾಟಿ ಅವನ ಮುಂದೆ ನಿಂತಳು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಈಗ ಮೆಲ್ಲಗೆ ಕೇಳಿದ.

"ನಿಮಗೆ... ಬೇಜಾರಾಯ್ತಾ?"

"ಆಯ್ತು," ಅಂದಳು. "ಇಡೀ ಪಾರ್ಕಿಗೇ ಕೇಳೋ ಹಾಗೆ ಹೇಳಿದ್ರಿ. ನನಗೊಬ್ಬಳಿಗೇ ಕೇಳೋ ಹಾಗೆ ಒಂದ್ಸಲನಾದ್ರೂ ಹೇಳ್ಬೇಡ್ವಾ?"

ಅವನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ.

"ಹ್ಞೂಂ," ಅಂದಳು ಅವಳು, ಅವನಿಗೊಬ್ಬನಿಗೇ ಕೇಳೋ ಹಾಗೆ.